ಖಾಲಿ ಎಂದು ಬರೆದ ಜಾಗ

ಆ ಊರಿನ ಹೆಸರು ಹೇಳುವುದಿಲ್ಲ. ಪುಣೆಯಿಂದ ದೌಂಡದ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಅಲ್ಲಿ ನಿಲ್ಲುತ್ತದೆ, ಸುತ್ತ ಕಬ್ಬು ಬೆಳೆಯುತ್ತದೆ, ಸಣ್ಣದೊಂದು ನಗರಸಭೆ ಇದೆ. ಇಷ್ಟು ಸಾಕು. ಹೆಸರು ಹೇಳಿದರೆ ಆ ಊರಿನವರು ನಮ್ಮಲ್ಲಿ ಮಾತ್ರ ಹೀಗಾಯಿತೇ ಎಂದು ಜಗಳಕ್ಕೆ ಬರುತ್ತಾರೆ, ಉಳಿದವರು ಸದ್ಯ ನಮ್ಮಲ್ಲಿ ಆಗಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಎರಡೂ ನನಗೆ ಬೇಕಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದ ನಾನು ಊರುಗಳ ಯೋಜನೆ ತಯಾರಿಸುವ ಒಂದು ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಹೆಂಗಸಾದರೂ ಹುದ್ದೆಯ ಹೆಸರು ಅದೇ. ಆ ಊರಿನ ವಿಕಾಸ ಯೋಜನೆ ನಮ್ಮ ಪಾಲಿಗೆ ಬಂದಿತ್ತು. ಮುಂದಿನ ಇಪ್ಪತ್ತು ವರ್ಷ ಎಲ್ಲಿ ಮನೆ ಬರಬೇಕು, ಎಲ್ಲಿ ಅಂಗಡಿ, ಎಲ್ಲಿ ಶಾಲೆ, ಎಲ್ಲಿ ರಸ್ತೆ ಎಂದು ನಕ್ಷೆಯ ಮೇಲೆ ಗೊತ್ತು ಮಾಡುವ ಕೆಲಸ. ಒಮ್ಮೆ ಮಂಜೂರಾದರೆ ಅದನ್ನು ಅಲ್ಲಾಡಿಸುವುದು ಬಹಳ ಕಷ್ಟ.

ಅದರ ಮೊದಲ ಹೆಜ್ಜೆ, ಈಗ ಯಾವ ಜಾಗ ಯಾವುದಕ್ಕೆ ಬಳಕೆಯಲ್ಲಿದೆ ಎಂಬ ನಕ್ಷೆ. ಸರ್ವೆ ಹಾಳೆ ಹಿಡಿದು ಬೀದಿ ಬೀದಿ ತಿರುಗಬೇಕು. ಮನೆಯಿದ್ದರೆ ಹಳದಿ, ಅಂಗಡಿಯಿದ್ದರೆ ನೀಲಿ, ಸರ್ಕಾರಿ ಕಟ್ಟಡಕ್ಕೆ ಕೆಂಪು, ಆಟದ ಬಯಲು, ಉದ್ಯಾನಗಳಿಗೆ ಹಸಿರು. ಏನೂ ಇಲ್ಲದಿದ್ದರೆ ಬಣ್ಣ ಹಚ್ಚದೆ ಬಿಳಿಯಾಗಿಯೇ ಬಿಡಬೇಕು. ಬಿಳಿ ಅಂದರೆ ಖಾಲಿ. ನಮ್ಮ ಸಾಹೇಬರು ಹಾಕಿಕೊಟ್ಟ ನಿಯಮ ಒಂದೇ: ಹೋದ ದಿನ ಕಣ್ಣಿಗೆ ಕಂಡದ್ದನ್ನು ಬರೆಯಿರಿ, ಯಾರನ್ನೂ ಕೇಳಬೇಡಿ, ಕೇಳಿದರೆ ಜನ ತಮಗೆ ಬೇಕಾದ್ದನ್ನು ಹೇಳುತ್ತಾರೆ. ಎಷ್ಟು ನ್ಯಾಯವಾದ ನಿಯಮ ಎಂದು ನಾನು ಆಗ ಮೆಚ್ಚಿಕೊಂಡಿದ್ದೆ. ಈಗ ಆ ಮೆಚ್ಚುಗೆ ನೆನೆದರೆ ಮೈ ಉರಿಯುತ್ತದೆ.

ನಾವು ಸರ್ವೆಗೆ ಹೋದದ್ದು ಶ್ರಾವಣದಲ್ಲಿ. ಜಿಟಿಜಿಟಿ ಮಳೆ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಹಾಳೆ ಸಿಕ್ಕಿಸಿದ ಹಲಗೆ. ಟೇಪು ಹಿಡಿಯಲು ಕಚೇರಿಯ ಒಬ್ಬ ಹಳೆಯ ಸಿಪಾಯಿ. ಊರ ಹಿಂದಿನ ಹಳ್ಳದ ಪಕ್ಕಕ್ಕೆ ಬಂದಾಗ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಅಲ್ಲೊಂದು ಉದ್ದನೆಯ ಸರ್ಕಾರಿ ಪಟ್ಟಿ, ಅಗಲ ಕಡಿಮೆ, ಕೆಸರು, ಎರಡು ಕಡೆ ಮೊಣಕಾಲೆತ್ತರದ ಕಲ್ಲುಗೂಟಗಳು. ಗೂಟದ ಸಾಲುಗಳ ನಡುವೆ ನೆಲ ಸವೆದು ನುಣುಪಾಗಿತ್ತು. ಇದೇನಿದು ಎಂದು ಸಿಪಾಯಿಯನ್ನು ಕೇಳಿದೆ. ಎಮ್ಮೆ ಕಟ್ಟುತ್ತಿರಬೇಕು ಅಂದ. ಎಮ್ಮೆಯೂ ಇರಲಿಲ್ಲ, ಸಗಣಿಯೂ ಇರಲಿಲ್ಲ. ನನ್ನ ಫೀಲ್ಡ್ ಬುಕ್ಕಿನಲ್ಲಿ ಬರೆದುಕೊಂಡೆ: "ಖಾಲಿ. ಎರಡು ಸಾಲು ಕಲ್ಲುಗೂಟ. ನಡುವೆ ನೆಲ ಸವೆದಿದೆ." ಐದು ಗಂಟೆಯ ಗಾಡಿ ತಪ್ಪಿದರೆ ಮನೆಗೆ ಹೋಗುವುದು ತಡವಾಗುತ್ತದೆ ಎಂಬ ಚಿಂತೆಯಲ್ಲಿ ಅಲ್ಲಿಂದ ಹೊರಟೆ.

ಪುಣೆಗೆ ಬಂದು ಟ್ರೇಸಿಂಗ್ ಹಾಳೆಯ ಮೇಲೆ ನಕ್ಷೆ ಇಳಿಸುವಾಗ ಗೂಟಗಳ ಹತ್ತಿರ ಪೆನ್ನು ನಿಂತಿತು. ಯಾವುದಕ್ಕೆ ಯಾವ ಗುರುತು, ಯಾವ ಬಣ್ಣ ಎಂದು ಹೇಳುವ ಸೂಚಿಯಲ್ಲಿ ಬಾವಿಗೆ ಗುರುತಿದೆ, ಮರಕ್ಕಿದೆ, ವಿದ್ಯುತ್ ಕಂಬಕ್ಕಿದೆ. ಕಲ್ಲುಗೂಟಕ್ಕಿಲ್ಲ. ಗುರುತಿಲ್ಲದ್ದನ್ನು ಬರೆಯುವಂತಿಲ್ಲ. ಬಿಟ್ಟೆ. ಆ ಪಟ್ಟಿ ನಕ್ಷೆಯಲ್ಲಿ ಬೆಳ್ಳಗೆ ಕುಳಿತಿತು.

ಬಿಳಿ ಜಾಗ ಯೋಜನೆ ಮಾಡುವವರಿಗೆ ಹಬ್ಬ. ಯಾರ ಮನೆಯನ್ನೂ ಕೆಡವಬೇಕಾಗಿಲ್ಲ, ಯಾರಿಗೂ ಪರಿಹಾರ ಕೊಡಬೇಕಾಗಿಲ್ಲ. ಕರಡು ಯೋಜನೆಯಲ್ಲಿ ಅಲ್ಲಿ ನೀಲಿ ಬಣ್ಣ ಬಂತು: ಅಂಗಡಿ ಸಂಕೀರ್ಣ. ಅದಕ್ಕೆ ಹೋಗಲು ಒಂದು ಅಗಲ ರಸ್ತೆ. ಆ ರಸ್ತೆಯ ಆಚೆ ಬದಿಗೆ ಒಬ್ಬ ನಗರಸೇವಕರ, ಅಂದರೆ ನಗರಸಭೆ ಸದಸ್ಯರ, ಈರುಳ್ಳಿ ಹೊಲವಿತ್ತು. ರಸ್ತೆ ಬಂದರೆ ಅದು ಹೊಲವಾಗಿ ಉಳಿಯುವುದಿಲ್ಲ, ಸೈಟುಗಳಾಗುತ್ತದೆ. ಇದು ನನಗೆ ಆಮೇಲೆ ತಿಳಿಯಿತು ಎಂದು ಬರೆಯಬಹುದು. ಸುಳ್ಳು ಯಾಕೆ? ಬಣ್ಣ ಹಚ್ಚುವಾಗಲೇ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಚಹಾ ಕುಡಿಯುತ್ತ ನಗೆಯಾಡಿದ್ದೂ ಆಗಿತ್ತು. ನಾನೂ ನಕ್ಕಿದ್ದೆ.

ಕರಡು ಪ್ರಕಟವಾದ ಮೇಲೆ ಜನರ ಆಕ್ಷೇಪಣೆಗೆ ಅವಧಿ ಇರುತ್ತದೆ. ಗೆಜೆಟ್ಟಿನಲ್ಲಿ ಬರುತ್ತದೆ, ಪತ್ರಿಕೆಯ ಮೂಲೆಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬರುತ್ತದೆ, ನಗರಸಭೆಯಲ್ಲಿ ನಕ್ಷೆ ತೂಗುಹಾಕುತ್ತಾರೆ. ತೂಗುಹಾಕಿದ್ದರು, ಮಹಡಿಯ ಮೇಲೆ, ಸೊಳ್ಳೆ ಔಷಧಿಯ ಡಬ್ಬಗಳಿಟ್ಟ ಕೋಣೆಯಲ್ಲಿ. ಕೇಳಿದವರಿಗೆ ನಕ್ಷೆ ಓದಿ ಹೇಳಲು ವಾರಕ್ಕೆ ಎರಡು ದಿನ ನನ್ನನ್ನು ಅಲ್ಲಿ ಕೂರಿಸಿದರು. ಬರುತ್ತಿದ್ದವರು ಹೊಲ ಇದ್ದವರು, ವಕೀಲರು, ಕೈಯಲ್ಲಿ ಜಮೀನಿನ ಉತಾರೆಯ ಪ್ರತಿ ಹಿಡಿದವರು. ಮೂರನೆಯ ವಾರ ಒಬ್ಬ ಮುದುಕಿ ಬಂದಳು. ಹೆಗಲ ಮೇಲೆ ಕರಿ ಕಂಬಳಿ, ಕೈಬೆರಳುಗಳ ಸಂದಿಯಲ್ಲಿ ಒಣಗಿದ ಅಂಟಿನಂಥದು ಏನೋ. ಬಾಗಿಲಲ್ಲಿ ನಿಂತು ಮರಾಠಿಯಲ್ಲಿ, "ಬಾಯಿ, ಹಳ್ಳದ ಕಡೆ ಅಂಗಡಿ ಬರುತ್ತವಂತೆ, ಖರೆಯೇ?" ಎಂದು ಕೇಳಿದಳು. ತನ್ನ ಜೊತೆ ಬಂದ ಸೊಸೆಯತ್ತ ತಿರುಗಿ ಕನ್ನಡದಲ್ಲಿ, "ಇಕಿಗರ ಗೊತ್ತೈತೋ ಇಲ್ಲೋ" ಅಂದಳು.

"ಗೊತ್ತದ ಆಯಿ, ಬರ್ರಿ, ಕೂಡ್ರಿ" ಅಂದೆ.

ಅವಳ ಮುಖ ಅರಳಿತು. "ಅಯ್ಯ ನಮ್ಮವ್ವ! ನಮ್ಮ ಪೈಕಿನ ಅದೀರೇನ್ರಿ ಅಕ್ಕಾರ?" ಎಂದು ಬಂದು ನೆಲದ ಮೇಲೇ ಕುಳಿತಳು. ಮಾವನ ಕಾಲಕ್ಕೆ ವಿಜಾಪುರದ ಕಡೆಯಿಂದ ಬಂದ ಕಂಬಳಿ ನೇಯುವವರು ಅವರು. ಜೇಜುರಿಗೆ ಬರುವ ಭಕ್ತರಿಗೆ, ಕುರಿ ಕಾಯುವವರಿಗೆ ಕಂಬಳಿ ಮಾರುತ್ತ ಇಲ್ಲೇ ನೆಲೆ ನಿಂತವರು. ಹನ್ನೊಂದು ಮನೆ. ನಕ್ಷೆಯಲ್ಲಿ ಅವಳ ಮನೆ ತೋರಿಸಿದೆ, ಹಳದಿ. ಆಮೇಲೆ ಹಳ್ಳದ ಪಕ್ಕದ ನೀಲಿ ತೋರಿಸಿದೆ.

"ಇಲ್ಲೆ ನಾವು ಹಾಸು ಚಾಚ್ತೀವ್ರಿ" ಅಂದಳು.

"ಹಾಸು?"

"ನೂಲ್ರಿ. ಮಗ್ಗಕ್ಕ ಹೂಡೂಕ್ಕಿಂತ ಮೊದಲ ಉದ್ದಕ್ಕ ಚಾಚಿ ಸರಿ ಹಚ್ಚಬೇಕಲ್ಲ. ಹುಣಸಿಬೀಜದ ಗಂಜಿರಿ, ಅದಕ್ಕ ಸರಿ ಅಂತೀವಿ. ಇಲ್ಲಂದ್ರ ಎಳಿ ನಿಲ್ಲಂಗಿಲ್ರಿ, ಕಡಿತಾವು. ಮುಂಜಾನಿ ಬಿಸಿಲಿಗೆ ಚಾಚಿದ್ರ ಹನ್ನೊಂದರ ಒಳಗ ಒಣಗಿ ಸುತ್ತಿ ಇಡ್ತೀವಿ. ಮಳಿಗಾಲದಾಗ ಮಾತ್ರ ಬಂದ್." ನಕ್ಷೆಯ ಮೇಲಿನ ನೀಲಿಯನ್ನು ಬೆರಳಿನಿಂದ ಉಜ್ಜಿದಳು, ಹೋಗುತ್ತದೇನೋ ಎಂಬಂತೆ. "ಅದು ಖಾಲಿ ಐತಿ ಅಂತ ಯಾರು ಬರ್ದಾರ್ರಿ?"

"ಸರ್ವೆಯವರು" ಅಂದೆ.

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನಾನು ಹೇಳಿದ ಅತಿ ಹೇಡಿ ಮಾತು ಅದು. ನಕ್ಷೆಯ ಕೆಳಗಿನ ಮೂಲೆಯಲ್ಲಿ ನನ್ನ ಸಹಿ ಇತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ.

ಮರುವಾರ ಮೊದಲ ಗಾಡಿ ಹಿಡಿದು ಬೆಳಿಗ್ಗೆ ಎಂಟರೊಳಗೆ ಹಳ್ಳದ ಹತ್ತಿರ ಹೋದೆ. ಮಳೆಗಾಲ ಮುಗಿದು ಬಿಸಿಲು ಬಿದ್ದಿತ್ತು. ಗೂಟದಿಂದ ಗೂಟಕ್ಕೆ ಕಪ್ಪು ನೂಲಿನ ನಾಲ್ಕು ಹಾಸುಗಳು ಬಿಗಿದು ನಿಂತಿದ್ದವು, ಒಂದೊಂದೂ ಮೂವತ್ತು ಹೆಜ್ಜೆಗಿಂತ ಉದ್ದ. ಎರಡೂ ಬದಿಗೆ ಹೆಂಗಸರು ಗಂಡಸರು ಕುಂಚ ಹಿಡಿದು ಸರಿ ಹಚ್ಚುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಹಾಗೆ ನಡೆದೂ ನಡೆದೂ ನೆಲ ಸವೆದಿತ್ತು. ನಾನು ಅಲ್ಲಿ ಬರೆದದ್ದೇನು? ಖಾಲಿ! ಮೂರು ತಲೆಮಾರಿನ ಅಂಗಾಲು ಉಜ್ಜಿದ ನೆಲವನ್ನು ಕಣ್ಣಾರೆ ನೋಡಿ, ಖಾಲಿ ಎಂದು ಬರೆದು, ಗಾಡಿ ಹಿಡಿಯಲು ಓಡಿದ್ದೆ. ಊರೂರು ಸುತ್ತಿ ನಾನು ಹೀಗೆ ಇನ್ನೆಷ್ಟು ಜಾಗ ಖಾಲಿ ಮಾಡಿದ್ದೇನೋ!

"ಆಯಿ, ಖಾಲಿ ಅಂತ ಬರದಾಕಿ ನಾನ" ಎಂದೆ.

ಅವಳು ಕುಂಚ ನಿಲ್ಲಿಸಲಿಲ್ಲ. "ಮಳಿಯಾಗ ಬಂದಿದ್ರೇನು?"

"ಹೌದು."

"ಮಳಿಯಾಗ ಬಂದ್ರ ಏನ್ ಕಾಣತೈತಿ ಬಿಡ್ರಿ. ಈಗ ಅಳಸಾಕ ಬರತೈತೋ ಇಲ್ಲೋ ಅದನ್ನ ಹೇಳ್ರಿ."

ಅಳಿಸಲು ಬರುವುದಿಲ್ಲ. ಲಿಖಿತ ಆಕ್ಷೇಪಣೆ ಕೊಡಬೇಕು, ಅವಧಿ ಮುಗಿಯಲು ಆರು ದಿನ ಉಳಿದಿತ್ತು. ಅವರ ಪೈಕಿ ಮರಾಠಿ ಬರೆಯಬಲ್ಲವರು ಒಬ್ಬರೂ ಇರಲಿಲ್ಲ. ನಾನೇ ಅವರ ಅಂಗಳದಲ್ಲಿ ಕುಳಿತು ಬರೆದೆ. ಯೋಜನೆ ತಯಾರಿಸುವ ಕಚೇರಿಯವಳೇ ಯೋಜನೆಯ ಮೇಲೆ ಆಕ್ಷೇಪಣೆ ಬರೆದುಕೊಡುವುದು ಅಪರಾಧ, ಗೊತ್ತಿತ್ತು. ಹನ್ನೊಂದು ಹೆಬ್ಬೆಟ್ಟು ಒತ್ತಿಸಿ, ನಗರಸಭೆಯಲ್ಲಿ ಕೊಟ್ಟು, ಪೋಚು, ಅಂದರೆ ಅರ್ಜಿ ಮುಟ್ಟಿದ್ದಕ್ಕೆ ರಸೀತಿ, ತೆಗೆದುಕೊಳ್ಳಲು ಕಲಿಸಿದೆ. ಮೊದಲ ಸಲ ಹೋದಾಗ ಅರ್ಜಿ ತೆಗೆದುಕೊಳ್ಳುವ ಆವಕ ಗುಮಾಸ್ತ ರಜೆ. ಎರಡನೆಯ ಸಲ ಪೋಚಿನ ಮೇಲೆ ಒತ್ತುವ ಠಸೆ ಇಲ್ಲ. ಮೂರನೆಯ ಸಲ ಮುದುಕಿ ಮೆಟ್ಟಿಲ ಮೇಲೆ ಕಂಬಳಿ ಹಾಸಿ ಕುಳಿತುಬಿಟ್ಟಳಂತೆ, ಠಸೆ ಸಿಕ್ಕಿತು.

ನಮ್ಮ ಸಾಹೇಬರು ಬೆಳಗಾವಿಯ ಕಡೆಯವರು. ಸಿಟ್ಟು ಬಂದರೆ ಮರಾಠಿ, ಪುಸಲಾಯಿಸುವಾಗ ಕನ್ನಡ. ಆಕ್ಷೇಪಣೆಗಳ ವಿಚಾರಣೆಗೆ ಎರಡು ದಿನ ಮೊದಲು ಕರೆದು ಕನ್ನಡದಲ್ಲಿ ಮಾತಾಡಿದರು, ಹಾಗಾಗಿ ನನಗೆ ಆಗಲೇ ಅನುಮಾನ ಬಂತು.

"ಬಾಯಿ, ಆ ಕಂಬಳಿಯವರ ಅರ್ಜಿ ಅಕ್ಷರ ಎಲ್ಲೋ ನೋಡಿದಂಗ ಅದ."

ನಾನು ಅವರ ಮೇಜಿನ ಮೇಲಿದ್ದ ನಕ್ಷೆಯನ್ನು ಸುರುಳಿ ಸುತ್ತತೊಡಗಿದೆ.

"ಇರಲಿ. ಯಾರದರ ಇರಲಿ. ನಮ್ಮ ನಕ್ಷಾದಾಗ ಖಾಲಿ ಅದ, ಅಷ್ಟ. ಫೀಲ್ಡ್ ಬುಕ್ ಕೇಳಿದ್ರ ಸಿಗವಲ್ತು ಅನ್ರಿ. ಕಚೇರಿ ಬ್ಯಾರೆ ಕಡೆ ಹೋಗೂ ಮುಂದ ಭಾಳ ಕಾಗದ ಕಳದಾವ, ಎಲ್ಲಾರಿಗೂ ಗೊತ್ತದ."

"ಕಳದಿಲ್ರಿ ಸರ್. ನನ್ನ ಕಪಾಟಿನಾಗ ಅದ."

"ನಿಮ್ಮ ಒಂದು ತಪ್ಪು ಒಪ್ಪಿಕೊಂಡ್ರ ಇಡೀ ನಕ್ಷಾದ ಮ್ಯಾಲ ಕೂಗು ಏಳತದ. ನಾಳೆ ಎಲ್ಲಾರೂ ನಮ್ಮದೂ ತಪ್ಪು ಬರದಾರ ಅಂತಾರ. ನಿಮಗೂ ಮಕ್ಕಳು ಮರಿ ಅವ" ಎಂದರು, ನನಗೆ ಒಳ್ಳೆಯದನ್ನೇ ಬಯಸುವ ಅಣ್ಣನ ಹಾಗೆ. ಎಲ್ಲರೂ ಅಂದರೆ ಅನ್ನಲಿ, ತಪ್ಪು ಬರೆದಿದ್ದರೆ ತಿದ್ದೋಣ ಎನ್ನುವ ಒಂದು ಮಾತು ಆ ಮನುಷ್ಯನ ಬಾಯಲ್ಲಿ ಬರಲಿಲ್ಲ. ನಕ್ಷೆಯ ಮರ್ಯಾದೆ ಉಳಿಯಬೇಕು, ನೆಲದ ಮೇಲಿರುವವರು ಹಾಳಾಗಿ ಹೋಗಲಿ!

ವಿಚಾರಣೆ ನಗರಸಭೆಯ ಸಭಾಗೃಹದಲ್ಲಿ. ಆಕ್ಷೇಪಣೆ ಕೇಳುವ ಕಮಿಟಿಯ ಅಧ್ಯಕ್ಷರು ಒಬ್ಬ ನಿವೃತ್ತ ಇಂಜಿನಿಯರು, ಹೊರಗಿನಿಂದ ಬಂದವರು. ಪಕ್ಕದಲ್ಲಿ ಈರುಳ್ಳಿ ಹೊಲದ ನಗರಸೇವಕರು. ಅವರೂ ಕಮಿಟಿಯ ಸದಸ್ಯರೇ. ಯಾರ ಹೊಲದ ಮುಂದೆ ರಸ್ತೆ ಬರುತ್ತದೋ ಅವರೇ ನ್ಯಾಯ ಹೇಳಲು ಕುಳಿತದ್ದು ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನನ್ನ ಕೆಲಸ, ಅರ್ಜಿಯ ನಂಬರು ಕೂಗಿದಾಗ ನಕ್ಷೆಯಲ್ಲಿ ಆ ಜಾಗವನ್ನು ಕೋಲಿನಿಂದ ತೋರಿಸುವುದು. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ.

ಕಂಬಳಿಯವರ ಸರದಿ ಬಂದಾಗ ಊಟದ ಹೊತ್ತು ಸಮೀಪಿಸಿತ್ತು. ಮುದುಕಿ ಮರಾಠಿಯಲ್ಲಿ ತಡವರಿಸುತ್ತ ಹೇಳಿದಳು. ನಗರಸೇವಕರು ನಕ್ಕರು. "ಇವರು ಈಗ ಅಂಗಡಿ ಸಿಗುತ್ತದೇನೋ ಎಂದು ಬಂದವರು. ಅಲ್ಲಿ ಮೊದಲಿನಿಂದ ಏನಾದರೂ ಇದ್ದಿದ್ದರೆ ಸರ್ಕಾರದ ನಕ್ಷೆಯಲ್ಲಿ ಬರುತ್ತಿರಲಿಲ್ಲವೇ? ನೋಡಿ, ಖಾಲಿ ಎಂದಿದೆ" ಎಂದರು.

ಅಧ್ಯಕ್ಷರು ಕನ್ನಡಕ ಮೇಲೆತ್ತಿ ಕೇಳಿದರು: "ಸರ್ವೆಯ ದಿನ ಅಲ್ಲಿ ಬಳಕೆಯ ಗುರುತು ಏನಾದರೂ ಇತ್ತೇ? ದಾಖಲೆ ಇದೆಯೇ?"

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಮಕ್ಕಳು ಮರಿ ಎಲ್ಲ ಇದ್ದವು. ನಿಜ ಹೇಳುತ್ತೇನೆ, ನನಗೆ ಧೈರ್ಯ ಬಂದದ್ದಲ್ಲ. ನಗರಸೇವಕರ ನಗು ಕೇಳಿ ಸಿಟ್ಟು ಬಂತು, ಅಷ್ಟೆ. ಅವರು ಎತ್ತಿ ಹಿಡಿದದ್ದು ನನ್ನ ಖಾಲಿಯನ್ನು. ನನ್ನ ಬರಹ ಹಿಡಿದು ಆ ಮುದುಕಿಯ ಬಾಯಿ ಮುಚ್ಚಿಸುತ್ತಿದ್ದರು. ಚೀಲದಿಂದ ಫೀಲ್ಡ್ ಬುಕ್ ತೆಗೆದು ಮೇಜಿನ ಮೇಲೆ ಇಟ್ಟೆ.

ಅಧ್ಯಕ್ಷರು ಗಟ್ಟಿಯಾಗಿ ಓದಿದರು. ಎರಡು ಸಾಲು ಕಲ್ಲುಗೂಟ. ನಡುವೆ ನೆಲ ಸವೆದಿದೆ.

"ಗೂಟ ನಕ್ಷೆಯಲ್ಲಿ ಯಾಕಿಲ್ಲ?"

"ಸೂಚಿಯಲ್ಲಿ ಗೂಟಕ್ಕೆ ಗುರುತಿಲ್ಲ ಸಾಹೇಬ್. ತಪ್ಪು ನನ್ನದು. ಬೆಳಗಿನ ಹೊತ್ತು, ಬಿಸಿಲಿನ ಕಾಲದಲ್ಲಿ ಬಂದಿದ್ದರೆ ಕಾಣುತ್ತಿತ್ತು. ಬೇಕಾದರೆ ನಾಳೆ ಬೆಳಿಗ್ಗೆ ನೀವೇ ನೋಡಿ."

ಅವರು ನೋಡಿದರು. ಅದನ್ನು ಮೆಚ್ಚಬೇಕು, ಮರುದಿನ ಬೆಳಿಗ್ಗೆ ಪ್ಯಾಂಟಿನ ಕಾಲು ಮಡಚಿಕೊಂಡು ಹಾಸುಗಳ ನಡುವೆ ನಡೆದು ನೋಡಿದರು. ಅಂಗಡಿ ಸಂಕೀರ್ಣ ತೆಗೆದುಹಾಕಲು ಅಲ್ಲೇ ಒಪ್ಪಿದರು. ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕೆ ಏನೆಂದು ಬರೆಯಲಿ? ನಿಮ್ಮ ಸೂಚಿಯಲ್ಲಿ ಯಾವುದು ಹತ್ತಿರ?" ಎಂದು ಕೇಳಿದರು.

ಹಾಸು ಚಾಚುವ ಜಾಗಕ್ಕೆ ಸೂಚಿಯಲ್ಲಿ ಬಣ್ಣವಿಲ್ಲ. ಬಿಳಿಯಾಗಿ ಬಿಟ್ಟರೆ ನಾಳೆ ಇನ್ನೊಬ್ಬರ ಕಣ್ಣು ಬೀಳುತ್ತದೆ. ನಾನು ಹೆಚ್ಚು ಯೋಚಿಸಲಿಲ್ಲ. ಗೆದ್ದ ಅಮಲು. "ಹಸಿರು ಹಾಕಿ ಸಾಹೇಬ್. ತೆರೆದ ಜಾಗ. ಅಲ್ಲಿ ಯಾರೂ ಕಟ್ಟಡ ಕಟ್ಟುವಂತಿಲ್ಲ" ಎಂದೆ. ಹಸಿರು ಎಂದು ಬರೆದುಕೊಂಡರು. ಅದರಂತೆ ನಾನೇ ಹೊಸ ಟ್ರೇಸಿಂಗ್ ಮೇಲೆ ಹಸಿರು ಬಣ್ಣ ಹಚ್ಚಿದೆ, ಅಂಚು ಎಲ್ಲೂ ಚೆಲ್ಲದ ಹಾಗೆ. ಆ ಕಚೇರಿಯಲ್ಲಿ ನಾನು ಬರೆದ ಕೊನೆಯ ನಕ್ಷೆ ಅದು. ತಿಂಗಳೊಳಗೆ ನನ್ನನ್ನು ಪ್ರಿಂಟ್ ಕೋಣೆಗೆ ಹಾಕಿದರು. ಅಮೋನಿಯಾ ಘಾಟಿನಲ್ಲಿ ಬೇರೆಯವರ ನಕ್ಷೆಗಳ ಪ್ರತಿ ತೆಗೆಯುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಏಳು ವರ್ಷ ಕಳೆದೆ. ಹನ್ನೊಂದು ಮನೆ ಉಳಿಸಿದೆನಲ್ಲ ಎಂದುಕೊಂಡು ಕಳೆದೆ.

ಯೋಜನೆ ಮಂಜೂರಾಗಲು ವರ್ಷಗಳು ಹಿಡಿದವು. ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ, ಜೇಜುರಿಗೆ ಹೋಗುವಾಗ ಬೇಕೆಂದೇ ದಾರಿ ಬಳಸಿ ಆ ಊರಿನಲ್ಲಿ ಇಳಿದೆ. ಬೆಳಗಿನ ಎಂಟು ಗಂಟೆ, ಚೆನ್ನಾದ ಬಿಸಿಲು. ಹಳ್ಳದ ಪಕ್ಕದಲ್ಲಿ ಕಬ್ಬಿಣದ ಕಂಬಿಯ ಬೇಲಿ, ಬೀಗ ಹಾಕಿದ ಗೇಟು. ಒಳಗೆ ಹುಲ್ಲು, ಸಿಮೆಂಟಿನ ಎರಡು ಜಿಂಕೆ, ಒಣಗಿದ ಕಾರಂಜಿ. ಗೇಟಿನ ಮೇಲೆ ನಗರಸಭೆಯ ಉದ್ಯಾನ, ಸಂಜೆ ಐದರಿಂದ ಎಂಟರವರೆಗೆ ಮಾತ್ರ ಎಂಬ ಬೋರ್ಡು. ಹಸಿರು ಅಂದರೆ ಉದ್ಯಾನ. ಸೂಚಿಯಲ್ಲಿ ಹಾಗೇ ಇದೆ, ನಾನೇ ಎಷ್ಟು ಸಲ ಬರೆದಿದ್ದೆನಲ್ಲ! ಒಂದು ಕಲ್ಲುಗೂಟವೂ ಇರಲಿಲ್ಲ. ರಸ್ತೆ ಮಾತ್ರ ಕರಡಿನಲ್ಲಿದ್ದಷ್ಟೇ ಅಗಲವಾಗಿ ಬಂದಿತ್ತು, ಉದ್ಯಾನಕ್ಕೆ ಹೋಗಲು ದಾರಿ ಬೇಡವೇ? ಆಚೆ ಬದಿಗೆ ಈರುಳ್ಳಿ ಹೊಲದಲ್ಲಿ ಮೂರು ಮಹಡಿಯ ಮನೆಗಳು.

ಬೇಲಿಯ ಹೊರಗೆ, ರಸ್ತೆಯ ಅಂಚಿನಲ್ಲಿ ಒಂದು ಹಾಸು ಚಾಚಿತ್ತು. ಒಂದು ತುದಿ ಬೇಲಿಯ ಕಂಬಿಗೆ, ಇನ್ನೊಂದು ವಿದ್ಯುತ್ ಕಂಬಕ್ಕೆ. ಮುದುಕಿ ಬಗ್ಗಿಹೋಗಿದ್ದಳು, ಕುಂಚ ಮಾತ್ರ ಅದೇ ವೇಗದಲ್ಲಿ ಆಡುತ್ತಿತ್ತು. ಆ ಬದಿಗೆ ಸೊಸೆ.

"ಆಯಿ" ಎಂದೆ.

ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಅಕ್ಕಾರ! ಭಾಳ ಸೊರಗೀರಲ್ರಿ" ಎಂದು ನಕ್ಕಳು. ಉಳಿದ ಮನೆಯವರೆಲ್ಲಿ ಎಂದು ಕೇಳಿದೆ. ಎಂಟು ಮನೆಯವರು ಮಗ್ಗ ಬಿಚ್ಚಿದರಂತೆ. ಕೆಲವರು ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ದಿನಗೂಲಿಗೆ, ಕೆಲವರು ಕಬ್ಬು ಕಡಿಯಲು. ಇವರು ರಸ್ತೆಗೆ ಚಾಚಿದಾಗಲೆಲ್ಲ ನಗರಸಭೆಯವರು ಬಂದು ಅತಿಕ್ರಮಣ ಎಂದು ಎಳೆದು ಬಿಸಾಡುತ್ತಾರಂತೆ.

"ಹಸಿರು ಹಾಕ್ರಿ ಅಂದಾಕಿ ನಾನ ಆಯಿ" ಎಂದೆ. ಈ ಸಲ ಸರ್ವೆಯವರು ಎನ್ನಲಿಲ್ಲ.

"ಗೊತ್ತೈತ್ರಿ. ಅಲ್ಲೇ ಇದ್ನಲ್ಲ ನಾನು." ಕುಂಚವನ್ನು ಸರಿಯಲ್ಲಿ ಅದ್ದಿದಳು. "ನೀವು ಚಲೋದಕ್ಕ ಮಾಡಿದ್ರಿ. ಆದ್ರ ಒಂದು ಮಾತು ನಮ್ಮನ್ನ ಕೇಳಬೇಕಿತ್ರಿ ಅಕ್ಕಾರ. ಇಬ್ಬರೂ ಸಾಹೇಬ್ರು ಸಾಹೇಬ್ರು ಮಾತಾಡಿ ಮುಗಿಸಿಬಿಟ್ರಿ."

ಯಾರನ್ನೂ ಕೇಳಬೇಡಿ ಎಂಬ ನಿಯಮಕ್ಕೆ ನಾನು ಸಾಹೇಬರನ್ನು ಬೈಯುತ್ತ ಬಂದಿದ್ದೆ. ಅಧ್ಯಕ್ಷರು ನೋಡಲು ಬಂದ ಆ ಬೆಳಿಗ್ಗೆ ಹಾಸುಗಳ ನಡುವೆ ಅವಳು ನನ್ನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದಳು. ಕೇಳಿದ್ದರೆ, ಬರೀ ಗೂಟ ಬರೆಯಿರಿ, ಬಣ್ಣ ಬೇಡ ಎನ್ನುತ್ತಿದ್ದಳೋ ಏನೋ. ಗೊತ್ತಿಲ್ಲ. ನಾನು ಕೇಳಲಿಲ್ಲ.

ತಿರುವಿನಲ್ಲಿ ಕಬ್ಬಿನ ಲಾರಿ ಹಾರನ್ ಹೊಡೆಯಿತು, ಅದರ ಹೊರೆ ರಸ್ತೆಯ ಅಂಚಿನವರೆಗೂ ಹೊರಗೆ ಬಂದಿತ್ತು. ಸೊಸೆ ಕಂಬದ ಕಡೆಗೆ ಓಡಿದಳು. ಮುದುಕಿ ಬೇಲಿಗೆ ಕಟ್ಟಿದ್ದ ತುದಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ನಿಂತೀರೇನು, ಹಿಡೀರಿ, ಜಗ್ಗಿ ಹಿಡೀರಿ, ನೆಲಕ್ಕ ಹತ್ತಬಾರದು" ಎಂದು ಗದರಿದಳು. ಹಾಸನ್ನು ಎತ್ತಿ ಬೇಲಿಗೆ ಒತ್ತಿ ಹಿಡಿದೆವು. ಲಾರಿ ಧೂಳೆಬ್ಬಿಸಿ ಹೋಯಿತು. ಹಸಿ ಸರಿಯ ಮೇಲೆ ಧೂಳು ಕೂತ ಕಡೆಯೆಲ್ಲ ಮತ್ತೆ ಹಚ್ಚಬೇಕಾಯಿತು. ಹಾಸು ಒಣಗುವಷ್ಟರಲ್ಲಿ ಇನ್ನೂ ನಾಲ್ಕು ಲಾರಿ ಬಂದವು.